ಧ್ಯಾನಕ್ಕೆ ಕೂತ ದವಡೆಹಲ್ಲು

“ಬರೋ ಹುಣ್ಣಿವಿಯೊಳಗ ಬುದ್ಧನ್ನ ಕಣ್ಣಮುಂದ ತಂದು ಕುಂದ್ರಿಸ್ತೀನಿ, ನೋಡ್ತಿರು!” ಎಂದು ಕೊಟ್ರಸ್ವಾಮಿ ಘೋಷಿಸಿದಾಗ ಅವನ ಹೆಂಡತಿ ದಾಕ್ಷಾಯಣಮ್ಮ ರೊಟ್ಟಿ ತಟ್ಟುವ ಕೈ ನಿಲ್ಲಿಸಲಿಲ್ಲ.

“ಆತ ರಾಜ್ಯಾನ ಬಿಟ್ಟು ಎದ್ದು ಹೋದಾತ. ದಲ್ಲಾಳಿ ಅಂಗಡಿಯವರು ಕರೆದ್ರ ಬರ್ತಾನೇನು?”

ಹರಪನಹಳ್ಳಿಯ ಎಪಿಎಂಸಿ ಯಾರ್ಡಿನಲ್ಲಿ ದಲ್ಲಾಳಿ ಕೊಟ್ರಸ್ವಾಮಿಯ ಘನತೆಯೆಲ್ಲ ಇದ್ದದ್ದು ಅವನ ಬಲಗಡೆಯ ಒಂದು ದವಡೆಹಲ್ಲಿನಲ್ಲಿ. ಮೆಕ್ಕೆಜೋಳದ ರಾಶಿಯಿಂದ ಕಾಳೊಂದನ್ನು ಎತ್ತಿ ಬಾಯಿಗೆಸೆದು ‘ಕಟ್’ ಎನಿಸಿದನೆಂದರೆ ಮುಗಿಯಿತು. ಮಾಲು ಒಣಗಿದೆಯೋ, ಹಸಿಯೋ, ತೀರ್ಪು ಹೊರಬಿತ್ತು! ರೈತರೂ ಒಪ್ಪುತ್ತಿದ್ದರು, ಖರೀದಿದಾರರೂ ಒಪ್ಪುತ್ತಿದ್ದರು. ಆ ಹಲ್ಲಿನ ಮೇಲೆ ಮೇಲ್ಮನವಿ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಪಕ್ಕದ ಅಂಗಡಿಯ ಪಾಲಯ್ಯ ದಾವಣಗೆರೆಯಿಂದ ತೇವ ಅಳೆಯುವ ಮಷಿನ್ನೊಂದನ್ನು ತಂದಿಟ್ಟ. ಅಂದಿನಿಂದ ಕೊಟ್ರಸ್ವಾಮಿಯ ಬಿಪಿ ಏರತೊಡಗಿತು. “ನನ್ನ ಬಾಯಾಗ ಐತಲೇ ಮಷಿನ್! ಕರೆಂಟ್ ಬ್ಯಾಡ, ಶೆಲ್ ಬ್ಯಾಡ!” ಎಂದು ದಿನವೂ ಕೂಗಿದ್ದರಿಂದ ಅದು ಇನ್ನಷ್ಟು ಏರಿತು.

“ಮನಸ್ಸು ತಣ್ಣಗಿಡ್ರಿ, ಇಲ್ಲಾಂದ್ರ ಯಾರ್ಡ್ ಬಿಡ್ರಿ” ಎಂದರು ಡಾಕ್ಟರು.

ಯಾರ್ಡ್ ಬಿಡುವುದೆಂದರೆ ಪಾಲಯ್ಯನ ಮಷಿನ್ನಿಗೆ ಪಟ್ಟ ಕಟ್ಟಿದಂತೆ! ಆದ್ದರಿಂದ ಧ್ಯಾನ. ಕಲಿಸುವವನು ಬ್ಯಾಂಕಿನ ಮಾರೇಶ. ಬುದ್ಧನ ದಾರಿ ಹಿಡಿದ ಮನೆತನ. ಮುಂಡಗೋಡಿನ ಲಾಮಾಗಳ ಬಳಿ ಕಲಿತು ಬಂದು ಭಾನುವಾರ ಬೆಳಗ್ಗೆ ಮನೆಯಲ್ಲೇ ನಾಲ್ಕು ಜನಕ್ಕೆ ಹೇಳಿಕೊಡುತ್ತಿದ್ದ.

“ಅವರ ಮನಿಯಾಗ ಒಂದು ಗುಟುಕು ನೀರು ಕುಡಿಯಂಗಿಲ್ಲ ನೀವು. ಅವರ ಧ್ಯಾನ ಮಾತ್ರ ನಡೀತೈತೇನು?” ಎಂದಳು ದಾಕ್ಷಾಯಣಮ್ಮ.

“ಧ್ಯಾನ ಬಾಯಾಗ ಹೋಗಂಗಿಲ್ಲಲ್ಲ!”

ಶಾಸ್ತ್ರ ಎಷ್ಟು ಸೂಕ್ಷ್ಮ ನೋಡಿ!

ಮಾರೇಶ ಎದುರಿಗೆ ಬುದ್ಧನ ಪುಟ್ಟ ಮೂರ್ತಿ ಇಟ್ಟ. “ಚೆಂದಾಗಿ ನೋಡ್ರಿ, ಆಮ್ಯಾಲ ಕಣ್ಣು ಮುಚ್ರಿ. ಒಳಗ ಮೊದಲು ತಾವರಿ ಬರ್ಲಿ, ಆಮ್ಯಾಲ ಪಾದ, ಆಮ್ಯಾಲ ಮುಖ. ಇಲ್ಲದ್ದನ್ನ ಇದ್ದಂಗ ಕಾಣಬೇಕು.”

ನಿವೃತ್ತ ಮಾಸ್ತರೊಬ್ಬರಿಗೆ ಅವತ್ತೇ ಪ್ರಭಾವಳಿ ಸಮೇತ ಕಂಡಿತು. ಕೊಟ್ರಸ್ವಾಮಿಗೂ ತಾವರೆ ಬಂತು, ಪಾದ ಬಂತು. ಮುಖದ ಜಾಗಕ್ಕೆ ಮಾತ್ರ ಪಾಲಯ್ಯ ಬಂದ! ಮಡಿಲಲ್ಲಿ ಮಷಿನ್!

“ಮಾರೇಶಪ್ಪಾ, ಬ್ಯಾರೆ ಯಾರೋ ಬಂದು ಕುಂತಾರ.”

“ಜಗಳ ಮಾಡಬ್ಯಾಡ್ರಿ. ಸುಮ್ನಿದ್ರ ತಾವಾ ಎದ್ದು ಹೋಗ್ತಾರ.”

“ಅಂವ ಎದ್ದು ಹೋಗೋ ಪೈಕಿ ಅಲ್ಲೋ ಮಾರಾಯ!”

ಮುಂದಿನ ಭಾನುವಾರ ಮಾರೇಶ ಉಪಾಯ ಹೂಡಿದ. “ನಿಮಗ ಚೊಲೋ ಗೊತ್ತಿರೋದನ್ನ ಮೊದಲು ಕಾಣ್ರಿ. ಬಣ್ಣ, ವಾಸನಿ, ಎಲ್ಲಾ ಬರಬೇಕು. ಆಮ್ಯಾಲ ಅದರ ಮ್ಯಾಲ ಬುದ್ಧನ್ನ ಕುಂದ್ರಿಸಿದ್ರಾತು.” ಮನಸ್ಸು ಓಡದಿರಲೆಂದು ಹಳದಿ ಕಲ್ಲಿನ ಜಪಮಣಿ ಸರವನ್ನೂ ಕೈಗೆ ಕೊಟ್ಟ.

ಕಣ್ಣು ಮುಚ್ಚಿದ್ದೇ ತಡ, ಮೆಕ್ಕೆಜೋಳದ ರಾಶಿ ಎದ್ದು ನಿಂತಿತು! ಚಿಗಟೇರಿ ಕಡೆಯ ಮಾಲು. ಬಂಗಾರದ ಬಣ್ಣ, ಹೊಸ ಗೋಣಿಚೀಲದ ವಾಸನೆ, ಮೂಗಿಗೆ ಧೂಳು. ಕೊಟ್ರಸ್ವಾಮಿ ನಿಜವಾಗಿಯೂ ಸೀನಿದ.

“ಶಭಾಷ್! ಈಗ ಬುದ್ಧನ್ನ ಕರೀರಿ” ಎಂದ ಮಾರೇಶ.

ಕರೆದ. ಬುದ್ಧ ಬಂದ! ಪಾಲಯ್ಯನ ಸುಳಿವೇ ಇಲ್ಲ! ಇನ್ನೇನು ರಾಶಿಯ ಮೇಲೆ ಕೂರಬೇಕು, ಅಷ್ಟರಲ್ಲಿ ಕೊಟ್ರಸ್ವಾಮಿಯೊಳಗಿನ ದಲ್ಲಾಳಿ ಎಚ್ಚೆತ್ತ. ಅಂಥ ಮಹಾತ್ಮನನ್ನು ಪರೀಕ್ಷೆ ಮಾಡದ ಮಾಲಿನ ಮೇಲೆ ಕೂರಿಸುವುದೇ? ಹಸಿ ಇದ್ದರೆ? ಬೆರಳಿಗೆ ಕಾಳೊಂದು ಸಿಕ್ಕಿತು. ಬಾಯಿಗಿಟ್ಟ. ಬಲದವಡೆಗೆ ತಳ್ಳಿದ. ಇಷ್ಟು ವರ್ಷಗಳ ಅನುಭವವನ್ನೆಲ್ಲ ಒಟ್ಟುಗೂಡಿಸಿ ಕಡಿದ.

‘ಕಟ್!’

“ಒಣ ಐತಿ!” ಎಂದು ತೀರ್ಪನ್ನೂ ಕೊಟ್ಟ. ನೋವು ತಲುಪಿದ್ದು ಆಮೇಲೆ. ಕಣ್ಣು ಬಿಟ್ಟರೆ ಬಾಯಿಂದ ಜಪಮಣಿ ಸರ ಗಡ್ಡದಂತೆ ಇಳಿಬಿದ್ದಿದೆ, ಅಂಗೈಯಲ್ಲಿ ಅರ್ಧ ಹಲ್ಲು. ಮಣಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಮಾರೇಶನ ತಾಯಿ ಬಸಲಿಂಗಮ್ಮ ನೀರಿನ ಚೊಂಬು ಹಿಡಿದು ಓಡಿಬಂದಳು. ಕೊಟ್ರಸ್ವಾಮಿ ಚೊಂಬನ್ನೂ ಅವಳನ್ನೂ ನೋಡುತ್ತ ಕೂತ.

“ಮುಕ್ಕಳಿಸ್ರೀ ಯಜಮಾನ್ರ. ನುಂಗಂಗಿಲ್ಲಂದ್ರ ಉಗುಳ್ರಿ, ನಾವೇನು ಬ್ಯಾಸರ ಮಾಡ್ಕೊಳಂಗಿಲ್ಲ.”

ಮುಕ್ಕಳಿಸಿದ, ಉಗುಳಿದ. ಮತ್ತೆ ಮುಕ್ಕಳಿಸುವಾಗ ಒಂದು ಗುಟುಕು ತಾನಾಗಿಯೇ ಒಳಗೆ ಇಳಿಯಿತು. ನೋವಿನಲ್ಲಿ ಶಾಸ್ತ್ರ ನೆನಪಾಗಲಿಲ್ಲ. ಆಮೇಲೆ ನೆನಪಾದಾಗ ಇಡೀ ಚೊಂಬು ಖಾಲಿಯಾಗಿತ್ತು!

ಮಾರೇಶನಿಗೆ ಮಾತ್ರ ಹೆಮ್ಮೆ. “ಇಷ್ಟು ಖರೆ ಯಾರಿಗೂ ಕಂಡಿಲ್ಲ ನೋಡ್ರಿ!”

ಹಲ್ಲಿನ ಡಾಕ್ಟರು ಉಳಿದರ್ಧವನ್ನೂ ಕಿತ್ತು ಕೈಗಿಟ್ಟರು. ಕೊಟ್ರಸ್ವಾಮಿಗಿಂತ ಮೊದಲೇ ಸುದ್ದಿ ಯಾರ್ಡ್ ಮುಟ್ಟಿತ್ತು. ಪಾಲಯ್ಯ ಬಹಳ ಮರ್ಯಾದೆಯಿಂದ ಮನೆಗೇ ಬಂದು, “ಮಷಿನ್ ಬೇಕಾದ್ರ ಕೇಳು ಕೊಟ್ರಣ್ಣ, ಶೆಲ್ ಹೊಸದಾ ಹಾಕೀನಿ” ಎಂದು ಹೇಳಿಹೋದ.

ಕೆನ್ನೆ ಊದಿಸಿಕೊಂಡು ಕೊಟ್ರಸ್ವಾಮಿ ಗೋಳಾಡಿದ: “ನಾಳೆ ರಾಶಿ ಮುಂದ ಹೆಂಗ ನಿಲ್ಲಲೇ? ಕಾಳು ಯಾವುದ್ರಾಗ ಕಡೀಲಿ?”

ದಾಕ್ಷಾಯಣಮ್ಮ ಅವನ ಮುಂದೆ ಗಂಜಿಯ ಬಟ್ಟಲು ಇಟ್ಟಳು.

“ಅದಕ್ಯಾಕ ಚಿಂತಿ? ಇಲ್ಲದ ಕಾಳು ಕಂಡು ಕಡಿದವರು ನೀವು. ಕಣ್ಣು ಮುಚ್ರಿ, ಇಲ್ಲದ ಹಲ್ಲು ಕಂಡು ಕಡೀರಿ!”