ಬಿಯರ್ ಸನ್ಯಾಸಿಗೆ ದಾಸವಾಳ

ಕುಡಿಯುವವರ ಮನೆಯಲ್ಲಿ ಬಾಟಲಿ ಬಚ್ಚಿಡುವುದು ಲೋಕಾರೂಢಿ. ಕುಡಿಯದವನ ಮನೆಯಲ್ಲೂ ಬಚ್ಚಿಡಬೇಕಾದದ್ದು ಇರುತ್ತದೆ ಎಂದು ನನಗೆ ಗೊತ್ತಾದದ್ದು ಈ ವರ್ಷ. ನಾನು ಈ ಜನ್ಮದಲ್ಲಿ ಬಿಯರ್ ಮುಟ್ಟಿದವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೆಮ್ಮೆಪಡಬೇಕಾದರೆ ಒಮ್ಮೆಯಾದರೂ ಆಸೆಯಾಗಿ, ಅದನ್ನು ಗೆದ್ದಿರಬೇಕು. ನನಗೆ ಆಸೆಯೇ ಆಗಲಿಲ್ಲ. ಅದರ ವಾಸನೆ ಬಂದರೆ ಹುಳಿ ಹೆಚ್ಚಾದ ದೋಸೆಹಿಟ್ಟಿನ ನೆನಪಾಗುತ್ತದೆ, ಅಷ್ಟೆ. ಇಂಥ ನನ್ನ ಕಿಲೆಲೆಶ್ವಾ ಬಡಾವಣೆಯ ಮನೆಯಲ್ಲಿ, ಊಟದ ಮೇಜಿನ ಎದುರಿನ ಗೋಡೆಯ ತುಂಬ ಜರ್ಮನಿಯ ಹಳೆಯ ಬಿಯರ್ ಹಾಲ್‌ಗಳ ಪೋಸ್ಟ್‌ಕಾರ್ಡುಗಳು ಗಾಜಿನ ಚೌಕಟ್ಟಿನೊಳಗೆ ಕುಳಿತಿವೆ. ನೈರೋಬಿಯಲ್ಲಿ ಒಬ್ಬ ಮೈಸೂರಿನವನು ಮ್ಯೂನಿಕ್ಕಿನ ಬಿಯರ್ ಹಾಲ್‌ಗಳನ್ನು ನೋಡುತ್ತ ಸಾರನ್ನ ಕಲಸುವುದರಲ್ಲಿ ಏನೋ ವಿಚಿತ್ರವಿದೆ ಎಂದು ನನಗೂ ಗೊತ್ತು. ಆದರೆ ಹವ್ಯಾಸ ಎನ್ನುವುದು ಹೇಳಿ ಕೇಳಿ ಹಿಡಿಯುವ ರೋಗವಲ್ಲ.

ಇದು ಹಿಡಿದದ್ದು ಹೀಗೆ. ನಗರದ ನಡುಭಾಗದ ನಮ್ಮ ಕಚೇರಿಯಲ್ಲಿ ಜರ್ಮನ್ ಸಹೋದ್ಯೋಗಿ ಒಬ್ಬಳಿದ್ದಳು. ಊರಿಗೆ ಮರಳುವ ಮೊದಲು ಕಿಲಿಮಾನಿ ಬಡಾವಣೆಯ ತನ್ನ ಫ್ಲಾಟ್ ಖಾಲಿ ಮಾಡುತ್ತ, ಇದ್ದಬದ್ದ ಸಾಮಾನನ್ನೆಲ್ಲ ನಮಗೆ ಹಂಚಿದಳು. ಒಬ್ಬರಿಗೆ ಫ್ರಿಜ್ಜು ಸಿಕ್ಕಿತು, ಇನ್ನೊಬ್ಬರಿಗೆ ಸೈಕಲ್ಲು. ಟ್ಯಾಕ್ಸಿ ಸಿಗದೆ ತಡವಾಗಿ ಹೋದ ನನ್ನ ಪಾಲಿಗೆ ಉಳಿದಿದ್ದು ಅವಳ ಅಜ್ಜ ಕೂಡಿಟ್ಟಿದ್ದ ಪೋಸ್ಟ್‌ಕಾರ್ಡುಗಳ ಆಲ್ಬಮ್ಮು. "ನಿಮಗೆ ಬೇಡವೇ?" ಎಂದರೆ, "ನನಗೆ ಬಿಯರ್ ಸಾಕು, ಅದರ ಚಿತ್ರ ಬೇಡ" ಎಂದು ನಕ್ಕಳು. ಮನೆಗೆ ಬಂದು ತೆರೆದೆ. ಅಬ್ಬಾ, ಏನು ಹಾಲ್‌ಗಳು! ಕಮಾನಿನ ಮೇಲೆ ಕಮಾನು, ಚಾವಣಿಯ ತುಂಬ ಬಳ್ಳಿ ಹೂವಿನ ಬಣ್ಣ, ಕೆಳಗೆ ಉದ್ದೋ ಉದ್ದದ ಬೆಂಚುಗಳು. ಗೂಟಕ್ಕೆ ಸಾಲಾಗಿ ನೇತುಹಾಕಿದ ಟೋಪಿಗಳು. ಒಂದೊಂದು ಕೈಯಲ್ಲಿ ನಾಲ್ಕು ನಾಲ್ಕು ಮಗ್ಗು ಹಿಡಿದು ಬರುವ ಹೆಂಗಸು. ಮೂಲೆಯಲ್ಲಿ ಬ್ಯಾಂಡು. ಗುರುತಿಲ್ಲದವರೆಲ್ಲ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದಾರೆ. ನಡುವೆ ಅಜ್ಜಿಯರು, ಮೊಮ್ಮಕ್ಕಳು. ದಿನಾ ಬರುವವರಿಗೆ ಅವರದೇ ಮೇಜಂತೆ, ಅವರದೇ ಮಗ್ಗಂತೆ, ಆ ಮಗ್ಗಿಡಲು ಬೀಗ ಹಾಕಿದ ಗೂಡಂತೆ.

ಕೆಲವು ಕಾರ್ಡುಗಳ ಹಿಂದೆ ಸೊಟ್ಟ ಅಕ್ಷರದಲ್ಲಿ ಬರೆದ ಸಾಲುಗಳಿದ್ದವು. ಯಾವುದೋ ಹಳೆಯ ಪ್ರೇಮಕಥೆ ಸಿಕ್ಕೀತು ಎಂಬ ಆಸೆಯಿಂದ, ಊರಿಗೆ ಹೊರಡುವ ಮೊದಲು ಆ ಸಹೋದ್ಯೋಗಿಯ ಕೈಲೇ ಓದಿಸಿದೆ. "ಸಾಸೇಜ್ ಚೆನ್ನಾಗಿತ್ತು. ಮಳೆ. ಚಿಕ್ಕಮ್ಮನಿಗೆ ನಮಸ್ಕಾರ" ಎಂದಿತ್ತು. ಇನ್ನೊಂದರ ಮುಂಭಾಗದಲ್ಲಿ, ಜನಜಂಗುಳಿಯ ನಡುವೆ ಒಂದು ಬೆಂಚಿನ ಮೇಲೆ ಯಾರೋ ಪೆನ್ಸಿಲ್ಲಿನಲ್ಲಿ ಗುಣಾಕಾರದ ಗುರುತು ಹಾಕಿದ್ದರು. ಹಿಂದೆ ಬರೆದದ್ದು ಇಷ್ಟೆ: "ನಾನು ಕೂತಿದ್ದು ಇಲ್ಲಿ." ಅದನ್ನು ಓದಿದಂದಿನಿಂದ ನಾನು ಕೆಟ್ಟೆ. ಆಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿ ಹುಡುಕಿ ಇನ್ನಷ್ಟು ಕಾರ್ಡು ತರಿಸಿಕೊಂಡೆ. ಸಂಜೆ ಕಚೇರಿಯಿಂದ ಬಂದರೆ ಭೂತಗನ್ನಡಿ ಹಿಡಿದು ಅವುಗಳ ಮುಂದೆ ಕೂರುವುದು ರೂಢಿಯಾಯಿತು. "ಬೇರೆಯವರ ಗಂಡಂದಿರು ಬಾರಿಗೆ ಹೋಗ್ತಾರೆ. ನಮ್ಮನೇಲಿ ಬಾರೇ ಗೋಡೆಗೆ ಬಂದಿದೆ" ಎಂದು ನನ್ನ ಹೆಂಡತಿ ಸುಮತಿ ಒಂದೆರಡು ಸಲ ಹೇಳಿ ಬಿಟ್ಟಳು.

ತಾಪತ್ರಯ ಶುರುವಾದದ್ದು ನಮ್ಮ ಅತ್ತೆ, ಅಂದರೆ ಸುಮತಿಯ ತಾಯಿ, ಮೈಸೂರಿನಿಂದ ಮೂರು ತಿಂಗಳಿಗೆ ಬರುತ್ತಾರೆ ಎಂದಾಗ. ಅತ್ತೆಯ ದೃಷ್ಟಿಯಲ್ಲಿ ನನಗೆ ರೂಪವಿಲ್ಲ, ಮಾತು ಬಾರದು, ತರಕಾರಿ ಆರಿಸಲು ಬಾರದು. ಇರುವುದು ಒಂದೇ ಗುಣ. "ನಮ್ಮ ಅಳಿಯಂದ್ರು ಆಫ್ರಿಕಾದಲ್ಲಿದ್ರೂ ಒಂದು ತೊಟ್ಟು ಮುಟ್ಟಲ್ಲ" ಎಂದು ಅವರು ಬೀದಿಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಆ ಬೀದಿಯಲ್ಲಿ ನನ್ನ ಮಾನ ನಿಂತಿರುವುದೇ ಈ ಒಂಟಿ ಕಾಲಿನ ಮೇಲೆ.

"ರೀ, ಅಮ್ಮ ಬರೋದ್ರೊಳಗೆ ಇವನ್ನ ತೆಗೆದುಬಿಡಿ" ಎಂದಳು ಸುಮತಿ.

"ತೆಗೆದರೆ ಗೋಡೆ ತುಂಬ ಮೊಳೆ ಕಾಣುತ್ತೆ."

"ಮೊಳೆ ನೋಡಿ ಅಮ್ಮ ನಿಮ್ಮನ್ನ ಕುಡುಕ ಅನ್ನಲ್ಲ."

ಕೊನೆಗೆ, ಕೇಳಿದರೆ 'ಜರ್ಮನಿಯವರ ಊಟದ ಮನೆ' ಎನ್ನುವುದೆಂದು ಒಪ್ಪಂದವಾಯಿತು. ಸುಳ್ಳೇನಲ್ಲ, ಅಲ್ಲಿ ಊಟವೂ ಸಿಗುತ್ತದೆ.

ಅತ್ತೆ ಬಂದರು. ಬಂದ ಮರುದಿನವೇ ಕನ್ನಡಕ ಏರಿಸಿಕೊಂಡು ಗೋಡೆಯ ಮುಂದೆ ನಿಂತರು. ನಾನು ಒಪ್ಪಿಸಬೇಕಿದ್ದ ಪಾಠ ಒಪ್ಪಿಸಿದೆ. "ಛತ್ರ ಅನ್ನಿ. ಒಳ್ಳೇ ಕಂಬಗಳು" ಎಂದರು. ಆಮೇಲೆ ಹತ್ತಿರ ಬಗ್ಗಿ, "ಇದೇನ್ರೀ ಪದ್ಧತಿ, ಇನ್ನೂ ಎಲೇನೇ ಹಾಕಿಲ್ಲ, ಆಗಲೇ ಮಜ್ಜಿಗೆ ಕೊಟ್ಟಿದ್ದಾರೆ?" ಎಂದರು. ಮಗ್ಗಿನ ಮೇಲಿನ ನೊರೆಯನ್ನು ನಾನೂ ನೋಡಿದೆ. ಕಡೆದ ಮಜ್ಜಿಗೆ ಎನ್ನಲು ಅಡ್ಡಿಯಿರಲಿಲ್ಲ. "ಅವರಲ್ಲಿ ಹಾಗೇ ಅತ್ತೆ" ಎಂದೆ. ನನ್ನ ಹದಿನಾಲ್ಕರ ಮಗಳು ನಿಧಿ ಬ್ರೆಡ್ಡು ಕಚ್ಚುತ್ತ, "ಪಪ್ಪಾ, ದಿಸ್ ವಿಲ್ ನಾಟ್ ಎಂಡ್ ವೆಲ್" ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಭವಿಷ್ಯ ನುಡಿಯುವುದು ಮಾತ್ರ ಇಂಗ್ಲಿಷಿನಲ್ಲಿ.

ಇಷ್ಟಕ್ಕೇ ಮುಗಿದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆ ಸಾಲಿನ ನಡುವೆ ಒಂದು ಕಾರ್ಡಿನಲ್ಲಿ ಕಮಾನೂ ಇಲ್ಲ, ಬೆಂಚೂ ಇಲ್ಲ. ಕಂದು ನಿಲುವಂಗಿ ತೊಟ್ಟು ಸೊಂಟಕ್ಕೆ ಹಗ್ಗ ಬಿಗಿದ ಗುಂಡು ಮುಖದ ಸನ್ಯಾಸಿಯೊಬ್ಬ ಕೈಯಲ್ಲಿ ಮಗ್ಗು ಹಿಡಿದು ನಗುತ್ತಿದ್ದಾನೆ. ಬಿಯರ್ ಹಾಲ್ ಒಂದರ ಗೋಡೆಯ ಮೇಲೆ ಬರೆದ ಚಿತ್ರವಂತೆ ಅದು. ಮೂರನೆಯ ದಿನ ಬೆಳಿಗ್ಗೆ ತಿಂಡಿಗೆಂದು ಬಂದರೆ ಆ ಸನ್ಯಾಸಿಯ ಹಣೆಯ ನೇರಕ್ಕೆ ಗಾಜಿನ ಮೇಲೆ ಕುಂಕುಮ, ಚೌಕಟ್ಟಿನ ಮೇಲೆ ಒಂದು ಕೆಂಪು ದಾಸವಾಳ! "ಗುರುಗಳ ಪಟ ಊಟದ ಮನೇಲಿ ಇಟ್ಟಿದ್ದೀರಲ್ಲ, ದೇವರ ಮನೇಲಿ ಜಾಗ ಇರಲಿಲ್ವೇ?" ಎಂದು ಅತ್ತೆ ನನ್ನನ್ನೇ ಗದರಿದರು. "ಕಮಂಡಲ ಹೇಗೆ ಹಿಡಿದಿದ್ದಾರೆ ನೋಡಿ. ಏನು ಕಳೆ, ಏನು ಕಳೆ!"

ಆ ಕ್ಷಣದಲ್ಲೇ ನಿಜ ಹೇಳಬೇಕಿತ್ತು. ಹೇಳಿದರೆ ಅಳಿಯ ಕುಡುಕ ಎಂದಾಗುತ್ತದೆ, ಹೇಳದಿದ್ದರೆ ಅತ್ತೆ ಬಿಯರಿಗೆ ಪೂಜೆ ಮಾಡಿದಂತಾಗುತ್ತದೆ. ಅತ್ತ ದರಿ, ಇತ್ತ ಪುಲಿ. ನಾನು ಉಪ್ಪಿಟ್ಟು ತಿಂದೆ. ಅಂದಿನಿಂದ ಅದು ನಿತ್ಯವಿಧಿಯಾಯಿತು. ನಮ್ಮ ಕಟ್ಟಡದ ಕಾವಲುಗಾರ ಮುಂಜಾನೆಯೇ ಕಾಂಪೌಂಡಿನ ಗಿಡದಿಂದ ಹೂ ಬಿಡಿಸಿಟ್ಟಿರುತ್ತಿದ್ದ. ಅತ್ತೆ ಕೆಳಗಿಳಿದು, "ಅಸಾಂಟೆ ಅಪ್ಪಾ" ಎಂದು ಸ್ವಾಹಿಲಿಯಲ್ಲೂ ಕನ್ನಡದಲ್ಲೂ ಉಪಕಾರ ಸ್ಮರಿಸಿ ತರುತ್ತಿದ್ದರು. ಬಂದ ಕೆಲವೇ ದಿನಗಳಲ್ಲಿ ಅವರಿಗೆ ಆ ಕಾವಲುಗಾರನ ಸಂಸಾರದ ಕಥೆ ಗೊತ್ತಿತ್ತು, ಕೆಳಮನೆಯ ಗುಜರಾತಿ ಹೆಂಗಸಿನ ಸೊಸೆಯ ಸ್ವಭಾವ ಗೊತ್ತಿತ್ತು. ನನಗೆ ಅವರ ಹೆಸರುಗಳೇ ಗೊತ್ತಿರಲಿಲ್ಲ. ನಾನು ಕಚೇರಿಗೆ ಹೊರಟಾಗ, "ಗುರುಗಳಿಗೆ ಕೈ ಮುಗಿದು ಹೋಗಿ" ಎಂಬ ಅಪ್ಪಣೆ ಬೇರೆ. ಮುಗಿಯುತ್ತಿದ್ದೆ. ಯೂರೋಪಿನ ಕುಡುಕರೂ ಅವನಿಗೆ ಅಷ್ಟು ಭಕ್ತಿ ತೋರಿಸಿರಲಾರರು.

ಒಂದು ಶನಿವಾರ ಅತ್ತೆಗೆ ಮಂಡಿನೋವು ಹೆಚ್ಚಾಯಿತು. ಡಾಕ್ಟರ್ ಲೋಬೊ ಅವರಿಗೆ ಫೋನು ಮಾಡಿದೆ. ಅವರು ಮಂಗಳೂರಿನವರು, ಜರ್ಮನಿಯಲ್ಲಿ ಓದಿ ಇಲ್ಲಿಗೆ ಬಂದು ನೆಲೆಸಿದವರು, ನಮ್ಮ ಮನೆಯ ಜ್ವರ ನೆಗಡಿಗಳನ್ನೆಲ್ಲ ಬಲ್ಲವರು. ಜರ್ಮನಿಯಲ್ಲಿ ಓದಿದ್ದು ನನಗೆ ನೆನಪಾದದ್ದು ಅವರು ಮಂಡಿ ನೋಡಿ, ಕಾಫಿಗೆಂದು ಊಟದ ಕೋಣೆಗೆ ಕಾಲಿಟ್ಟಾಗ. ದಾಸವಾಳ ಮುಡಿದ ಸನ್ಯಾಸಿಯನ್ನು ನೋಡಿದ್ದೇ ಅವರು ಕುರ್ಚಿ ಹಿಡಿದುಕೊಂಡು ನಗತೊಡಗಿದರು. ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ. ಡಾಕ್ಟರು ಕೆಮ್ಮಿಗೂ ಸೊಪ್ಪು ಹಾಕಲಿಲ್ಲ.

"ಎಂತ ಮಾರಾಯ್ರೆ ಇದು! ಅಮ್ಮ, ಇವ ಬಿಯರಿನ ಸನ್ಯಾಸಿ. ಇವೆಲ್ಲ ಬಿಯರ್ ಕುಡಿಯುವ ಹಾಲ್‌ಗಳು."

ಅತ್ತೆ ಗೋಡೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಸನ್ಯಾಸಿಗೆ ಬಿಯರ್ ಯಾಕೆ?"

"ಹಿಂದೆ ಅವರ ಮಠದಲ್ಲೇ ಮಾಡ್ತಿದ್ರು ಅಮ್ಮ. ಉಪವಾಸದ ದಿನ ಊಟ ಇಲ್ಲ ಅಲ್ವಾ, ಅದಕ್ಕೆ ಇದನ್ನು ಕುಡೀತಿದ್ರು."

"ಓ, ನಾವು ಏಕಾದಶಿಗೆ ಅವಲಕ್ಕಿ ತಿಂದ ಹಾಗೆ" ಎಂದರು ಅತ್ತೆ. ಹೂವನ್ನು ತೆಗೆಯಲಿಲ್ಲ.

ನನಗೆ ಮಾತ್ರ ಮೈಸೂರಿನ ಆ ಬೀದಿ ಕಣ್ಣಮುಂದೆ ಬಂತು. "ಅತ್ತೆ, ದೇವರಾಣೆಗೂ ನಾನು ಒಂದು ತೊಟ್ಟೂ..." ಎಂದು ಶುರುಮಾಡಿದೆ.

ಅತ್ತೆ ಕೈ ಅಡ್ಡ ಹಿಡಿದರು. "ಸುಮ್ನಿರಿ ಅಳಿಯಂದ್ರೇ. ನಿಮ್ಮ ಮೇಲೆ ಅಂಥ ಅನುಮಾನ ಯಾರಿಗೆ ಬರುತ್ತೆ? ಕುಡಿಯೋಕೆ ಜೊತೆಗೆ ನಾಲ್ಕು ಜನ ಬೇಕು. ನೋಡಿ, ಇವರೆಲ್ಲ ಹೇಗೆ ಒತ್ಕೊಂಡು ಕೂತಿದ್ದಾರೆ. ನಾನು ಬಂದಾಗಿನಿಂದ ನೋಡ್ತಿದ್ದೀನಿ, ಈ ಮನೆಗೆ ಎಷ್ಟೋ ಜನ ಬಂದ್ರು. ಸುಮಿಗೆ ಅಂತ ಬಂದ್ರು, ಮಗೂಗೆ ಅಂತ ಬಂದ್ರು, ಈಗೀಗ ನನಗೆ ಅಂತಾನೂ ಬರ್ತಾರೆ. ನಿಮ್ಮನ್ನ ಕೇಳ್ಕೊಂಡು ಒಬ್ರೂ ಬರಲಿಲ್ಲ. ನೀವೆಲ್ಲಿ ಕುಡೀತೀರಿ, ಪಾಪ."

ಆ 'ಪಾಪ' ಇದೆಯಲ್ಲ, ಅದನ್ನು ಅವರು ನಿಜವಾದ ಮರುಕದಿಂದಲೇ ಅಂದರು. ಸುಮತಿ ಕಾಫಿ ಲೋಟಗಳನ್ನು ಎತ್ತಿಕೊಂಡು ಬೇಗ ಒಳಗೆ ಹೋದಳು, ಬೆನ್ನು ಕುಲುಕುತ್ತಿತ್ತು. ಕುಡುಕ ಎಂದಿದ್ದರೆ ವಾದಿಸಬಹುದಿತ್ತು. ಕುಡಿಯುವ ಯೋಗ್ಯತೆಯೂ ಇಲ್ಲ ಎಂದರೆ ಏನು ವಾದಿಸುವುದು? ನನಗೆ ನಿಜವಾಗಿಯೂ ನೋವಾಯಿತು. ಯಾವ ಗುಣವನ್ನು ಇಷ್ಟು ವರ್ಷ ಕಾಪಾಡಿಕೊಂಡೆನೋ ಅದು ಗುಣವೇ ಅಲ್ಲ, ಜೊತೆಗಾರರಿಲ್ಲದ ಅನನುಕೂಲ ಎಂದು ತೀರ್ಪಾಗಿಬಿಟ್ಟಿತ್ತು.

ಆಮೇಲಿನ ವಾರವೆಲ್ಲ ಬೆಂಚುಗಳ ಮೇಲಿನ ಜನ ನನ್ನನ್ನೇ ನೋಡಿ ನಗುತ್ತಿದ್ದಾರೆ ಅನ್ನಿಸತೊಡಗಿತು. ತಡೆಯಲಾರದೆ ಶುಕ್ರವಾರ ಸಂಜೆ, ಬೀದಿಯ ಮಟಾಟು ವ್ಯಾನುಗಳ ಹಾರ್ನ್ ಕೇಳುತ್ತ ಬಾಲ್ಕನಿಯಲ್ಲಿ ನಿಂತು, ಧೈರ್ಯ ಮಾಡಿ ಲೋಬೊ ಅವರಿಗೆ ಫೋನು ಮಾಡಿದೆ. "ನಾಳೆ ಬಿಡುವಿದ್ದರೆ ಮನೆ ಕಡೆ ಬನ್ನಿ ಡಾಕ್ಟ್ರೇ" ಎಂದೆ.

ಅತ್ತ ಕಡೆಯಿಂದ ಕೂಡಲೇ ಬಂತು ಪ್ರಶ್ನೆ. "ಯಾರಿಗೆ ಎಂತ ಆಯ್ತು?"

"ಯಾರಿಗೂ ಏನೂ ಆಗಿಲ್ಲ. ಸುಮ್ನೆ ಒಂದು ಕಾಫಿ ಕುಡಿದು, ಮಾತಾಡಿ..."

"ಸುಮ್ನೆಯಾ?" ಈಗ ಅವರ ದನಿಯಲ್ಲಿ ವೃತ್ತಿಯ ಗಾಂಭೀರ್ಯ ಬಂದಿತ್ತು. "ಇದು ಯಾವಾಗಿಂದ ಹೀಗೆ ಅನ್ನಿಸ್ತಾ ಇದೆ ನಿಮಗೆ? ರಾತ್ರಿ ನಿದ್ದೆ ಬರ್ತದಾ?"

ಬರುತ್ತದೆ ಎಂದೆ. ನಂಬಲಿಲ್ಲ. ಮರುದಿನ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಕಾಫಿ ಕುಡಿಯುವುದಕ್ಕೆ ಮೊದಲು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು.