ಕಾವಲಿಯ ಮೇಲೆ ಅಕ್ಷರಾಭ್ಯಾಸ

ನನ್ನ ಸೋದರಮಾವನಿಗೆ ಎರಡನೇ ಕ್ಲಾಸಿನ ಮೇಲೆ ಎಂಥ ಪ್ರೀತಿ ಎಂದರೆ, ಮೂರು ವರ್ಷ ಅದನ್ನು ಬಿಟ್ಟು ಕದಲಲೇ ಇಲ್ಲ! ಉಳಿದ ಮಕ್ಕಳು ಬಂದರು, ಹೋದರು. ಮೇಷ್ಟ್ರು ಕೂಡ ವರ್ಗವಾಗಿ ಹೋದರು. ಮಾವ ಮಾತ್ರ ಕಿಟಕಿ ಪಕ್ಕದ ಬೆಂಚಿನಲ್ಲಿ ಪ್ರತಿಷ್ಠಾಪನೆಯಾದ ದೇವರ ಹಾಗೆ ಕೂತೇ ಇದ್ದರು. ಮೂರನೇ ವರ್ಷ ಶಾಲೆ ಶುರುವಾದಾಗ ಅವರ ತಂಗಿ, ಅಂದರೆ ನನ್ನ ಅಮ್ಮ, ಎರಡು ಜಡೆ ಹಾಕಿಕೊಂಡು ಬಂದು ಅವರ ಪಕ್ಕದಲ್ಲೇ ಕೂತಳು. ಒಬ್ಬ ಅಣ್ಣನಿಗೆ ಇದಕ್ಕಿಂತ ಅವಮಾನ ಬೇಕೆ? ಮಾವನನ್ನು ಕೇಳಿದರೆ ಕಥೆಯೇ ಬೇರೆ. ತಂಗಿಯನ್ನು ಒಬ್ಬಳೇ ಬಿಡಬಾರದೆಂದು ಬೇಕೆಂದೇ ಕಾದಿದ್ದೆ ಎನ್ನುತ್ತಾರೆ.

ದಡ್ಡರೇ? ಖಂಡಿತ ಅಲ್ಲ. ಅಕ್ಷರಗಳು ಅವರ ಕಣ್ಣೆದುರು ಒಂದು ಕಡೆ ನಿಲ್ಲುತ್ತಿರಲಿಲ್ಲವಂತೆ. ಮನೆಯಲ್ಲಿ ಉಡುಪಿ ಕಡೆಯ ಕನ್ನಡ, ಶಾಲೆಯಲ್ಲಿ ತಮಿಳು. ಎರಡೂ ಲಿಪಿಗಳು ಪಕ್ಷಪಾತವಿಲ್ಲದೆ ಅವರನ್ನು ಸತಾಯಿಸಿದವು. ಈಗ ಆ ತೊಂದರೆಗೆ ಒಂದು ಹೆಸರಿದೆ, ಅದಕ್ಕೆಂದೇ ಡಾಕ್ಟರುಗಳಿದ್ದಾರೆ. ಆಗ ಇದ್ದದ್ದು ಬೆತ್ತ ಒಂದೇ.

ನನ್ನಜ್ಜ ಮದ್ರಾಸಿನ ಕೋಡಂಬಾಕ್ಕಂನ ಒಂದು ಹೋಟೆಲಿನಲ್ಲಿ ಅಡುಗೆಗಿದ್ದವರು, ಮನೆ ಅದರ ಹಿಂದೆಯೇ. ಸಪ್ಲೈಯರುಗಳು ಉಸಿರು ಬಿಡದೆ ತಿಂಡಿಗಳ ಹೆಸರು ಒಪ್ಪಿಸುವುದನ್ನು ಕೇಳಿ ಕೇಳಿ ಮಾವನಿಗೆ ಅಷ್ಟೂ ಬಾಯಿಪಾಠವಾಗಿತ್ತು. ಅಮ್ಮ ಅದನ್ನು ಗಮನಿಸಿದಳು. ತಾನು ಪಾಠವನ್ನು ಗಟ್ಟಿಯಾಗಿ ಓದುವುದು, ಅಣ್ಣ ಅದನ್ನು ಸಪ್ಲೈಯರ್ ಧಾಟಿಯಲ್ಲಿ ಒಪ್ಪಿಸುವುದು ಎಂದು ಮಾಡಿದಳು. ಉಳಿದ ಹುಡುಗಿಯರು ಕುಂಟೆಬಿಲ್ಲೆ ಆಡುವ ಸಂಜೆಗಳನ್ನೆಲ್ಲ ಅವಳು ಇದಕ್ಕೇ ಸುರಿದಳು. ಶಾಲೆಗೆ ಇನ್ಸ್‌ಪೆಕ್ಟರು ಬಂದ ದಿನ ಹುಡುಕಿ ಹುಡುಕಿ ಮಾವನನ್ನೇ ಎಬ್ಬಿಸಿ ನದಿಗಳ ಹೆಸರು ಕೇಳಿದರಂತೆ.

"ಗಂಗಾ ಯಮುನಾ ನರ್ಮದಾ ಗೋದಾವರಿ ಕೃಷ್ಣಾ ಕಾವೇರಿ, ಏನು ತರ್ಲಿ ಸಾರ್?"

ಕ್ಲಾಸಿಗೆ ಕ್ಲಾಸೇ ಉಸಿರು ಹಿಡಿದು ಕೂತಿತು. ಇನ್ಸ್‌ಪೆಕ್ಟರು ಗಂಭೀರವಾಗಿ ಯೋಚಿಸಿ, ಕಾವೇರಿ ಮಾತ್ರ ಸ್ವಲ್ಪ ಜಾಸ್ತಿ ತಾ ಎಂದರಂತೆ! ಆ ವರ್ಷ ಮಾವ ಮೂರನೇ ಕ್ಲಾಸಿಗೆ ಹೋದರು.

ಹೀಗೆ ಅಣ್ಣ ತಂಗಿ ಒಟ್ಟಿಗೇ ಹತ್ತನೇ ಕ್ಲಾಸಿನವರೆಗೆ ಬಂದರು. ಅಲ್ಲಿ ಬಾಯಿಗೆ ಬೆಲೆಯಿಲ್ಲ, ಪೇಪರಿಗೆ ಬೆಲೆ. ಅಮ್ಮ ಪಾಸಾದಳು. ಮಾವ ಮೂರು ಸಲ ಬರೆದರು, ಮೂರು ಸಲವೂ ಫೇಲಾದರು. ಮೂರನೇ ರಿಸಲ್ಟಿನ ಮಾರನೆಯ ದಿನವೇ ಅಜ್ಜನ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ನಿಂತರು. ಅಲ್ಲಿ ಅವರೇ ಫಸ್ಟ್ ಕ್ಲಾಸ್! ಆರು ಟೇಬಲ್ಲುಗಳ ಆರ್ಡರು ಚೀಟಿ ಇಲ್ಲದೆ ತಲೆಯಲ್ಲಿ. ಯಾರಿಗೆ ಕಾಫಿ ಸಕ್ಕರೆ ಕಮ್ಮಿ, ಯಾರಿಗೆ ವಡೆ ಸಾಂಬಾರಿನಲ್ಲಿ ಮುಳುಗಿರಬೇಕು, ಒಂದೂ ತಪ್ಪುತ್ತಿರಲಿಲ್ಲ. ಇಪ್ಪತ್ತು ವರ್ಷ ಹಾಗೆ ದುಡಿದು ಅದೇ ಊರಿನ ಗಿಂಡಿ ಬಡಾವಣೆಯಲ್ಲಿ ಸ್ವಂತ ಹೋಟೆಲು ಹಾಕಿದರು. ಈಗ ಬೆಳಗಿನ ಹೊತ್ತು ಅಲ್ಲಿ ಕೂರಲು ಜಾಗ ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಎಂಜಿನಿಯರಿಂಗ್ ಓದುವವರು ಗೋಡೆಗೆ ಒರಗಿ ನಿಂತೇ ತಿನ್ನುತ್ತಾರೆ. ಆದರೆ ಆ ಹೋಟೆಲಿನಲ್ಲಿ ಇವತ್ತಿಗೂ ಮೆನು ಕಾರ್ಡ್ ಇಲ್ಲ, ಗೋಡೆಯ ಮೇಲೆ ಬೋರ್ಡ್ ಇಲ್ಲ. ಎಲ್ಲ ಬಾಯಲ್ಲೇ.

ಇನ್ನು ಅವರ ಕನ್ನಡಕ. ಯಾರಾದರೂ ಕಾಗದ ಹಿಡಿದು ಬಂದರೆ ಸಾಕು, ಮಾವ ಜೇಬು ತಡಕಿ, ಛೆ, ಕನ್ನಡಕ ಮನೆಯಲ್ಲೇ ಬಿಟ್ಟೆ, ನೀನೇ ಓದು ಎನ್ನುತ್ತಿದ್ದರು. ಕಾಲೇಜಿನಲ್ಲಿದ್ದಾಗ ಒಮ್ಮೆ ಅವರ ಮನೆಗೆ ಹೋಗಿದ್ದವನು ಅದನ್ನು ಹಾಕಿ ನೋಡಿದೆ. ಬರೀ ಕಿಟಕಿ ಗಾಜು!

"ಅದು ಕಾಣ್ಲಿಕ್ಕೆ ಅಲ್ಲ ಮಾರಾಯ, ಮರೆತು ಬರ್ಲಿಕ್ಕೆ" ಎಂದರು ಮಾವ.

ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ. ಈಗ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಹೋದ ವರ್ಷ, ಅರವತ್ತೆರಡು ದಾಟಿದ ಮೇಲೆ, ಮಾವ ಕನ್ನಡ ಓದಲು ಕಲಿಯುತ್ತೇನೆಂದು ಹಟ ಹಿಡಿದರು. ದೀಪಾವಳಿಯೊಳಗೆ ಒಂದು ಪುಟ ತಾನೇ ಓದಬೇಕು, ಅಷ್ಟೇ. ಚೆನ್ನೈಯಲ್ಲಿ ಕೂತು ಕನ್ನಡವೇ! ತಮಿಳಾದರೆ ಬಸ್ಸಿನ ಬೋರ್ಡಾದರೂ ಓದಬಹುದಿತ್ತು. ನನ್ನ ಮಗಳು "ಎದುಕ್ಕು ತಾತಾ?" ಎಂದು, ಯಾಕೆಂದು ತಮಿಳಿನಲ್ಲೇ ವಿಚಾರಿಸಿದಳು. ಬೇಕು ಎಂದರು, ಮುಂದೆ ಮಾತಿಲ್ಲ. ಅಮ್ಮನ ಕಣ್ಣಿನ ನರ ಸೋತಿದೆ, ಇನ್ನು ಓದುವ ಆಸೆ ಬಿಡಿ ಎಂದು ಡಾಕ್ಟರು ಹೇಳಿದ್ದೂ ಅದೇ ತಿಂಗಳು. ಆ ಓಡಾಟದಲ್ಲಿ ಮಾವನ ಹೊಸ ಹುಚ್ಚಿನ ಬಗ್ಗೆ ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕಾಪಿ ಪುಸ್ತಕ ತಂದರು. ಅಕ್ಷರಗಳು ಐವತ್ತು ವರ್ಷದ ಹಿಂದಿನ ಹಾಗೇ ಓಡಿದವು. ಆಗ ಹೊಳೆಯಿತಂತೆ ಉಪಾಯ.

"ಕಾಗದದ ಮೇಲಾದ್ರೆ ಓಡ್ತದೆ. ಕಾವಲಿ ಮೇಲೆ ಎಲ್ಲಿಗೆ ಓಡ್ಲಿಕ್ಕುಂಟು?"

ದಿನಾ ಮಧ್ಯಾಹ್ನ ಮೂರಕ್ಕೆ ಗಿರಾಕಿಗಳು ಕಡಿಮೆಯಾದ ಮೇಲೆ, ಸಣ್ಣ ಸೌಟಿನಲ್ಲಿ ದೋಸೆಹಿಟ್ಟು ಎತ್ತಿ ಕಾವಲಿಯ ಮೇಲೆ ಅ, ಆ, ಇ ಹೊಯ್ಯುವುದು. ಕೆಂಪಗಾದ ಮೇಲೆ ಮಗುಚಿ ತಟ್ಟೆಗೆ ಹಾಕಿ, ಬೆರಳಿನಿಂದ ಸವರಿ, ಹೆಸರು ಹೇಳಿ, ತಿನ್ನುವುದು. ಒಂದು ತಿಂಗಳಲ್ಲಿ ವರ್ಣಮಾಲೆಯಷ್ಟೂ ಹೊಟ್ಟೆಗೆ ಹೋಯಿತು. ಪರೀಕ್ಷೆ ಮಾಡೋಣವೆಂದು ನಾನು ಪುಸ್ತಕ ಹಿಡಿದರೆ, ಗುರುತು ಸಿಕ್ಕಿದ್ದು ಠ ಒಂದೇ! ಬರೆದು ತೋರಿಸಿ ಎಂದೆ. ಬರೆದರು. ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ, ಎಡಕ್ಕಿರಬೇಕಾದದ್ದು ಬಲಕ್ಕೆ. ಮಗುಚಿದ ದೋಸೆಯಲ್ಲಿ ಅಕ್ಷರವೂ ಮಗುಚುತ್ತದೆ ಎಂಬುದು ಹೋಟೆಲಿನಲ್ಲೇ ತಲೆ ನೆರೆಸಿದವರಿಗೆ ತೋಚಿರಲಿಲ್ಲ.

ಬೇರೆಯವರಾಗಿದ್ದರೆ ಸೌಟು ಬಿಸಾಡುತ್ತಿದ್ದರು. ಮಾವ ಎದ್ದು ಕಾವಲಿಗೆ ನೀರು ಚಿಮುಕಿಸಿ ಒರೆಸಿದರು.

"ಎರಡನೇ ಕ್ಲಾಸಲ್ಲಿ ಮೂರು ವರ್ಷ ಕೂತವ ನಾನು. ಒಂದು ತಿಂಗಳು ಎಂತ ಮಹಾ?"

ಮತ್ತೆ ಅ ಹೊಯ್ದರು. ಈ ಸಲ ಮಗುಚಲಿಲ್ಲ. ಒತ್ತಕ್ಷರಗಳ ಹೊತ್ತಿಗೆ ಅಡುಗೆಯವರೆಲ್ಲ ತಿಂದು ಸುಸ್ತಾಗಿ ಕೈ ಮುಗಿದರು. ದೀಪಾವಳಿ ಕಳೆಯಿತು, ಪುಟ ಆಗಲಿಲ್ಲ. ಪೊಂಗಲ್ಲಿಗೆ ಎಂದರು, ಅದೂ ಕಳೆಯಿತು. ಮೂರನೆಯ ಗಡುವು ಯುಗಾದಿ.

ಯುಗಾದಿಯ ಮಾರನೆಯ ದಿನ ಮಧ್ಯಾಹ್ನ ಮಾವ ನಮ್ಮ ಮನೆಗೆ ಬಂದರು. ಅಮ್ಮನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಈ ಸಲ ಅದಕ್ಕೆ ನಂಬರಿತ್ತು. ಅಲ್ಲೇ ತಿಂಗಳುಗಟ್ಟಲೆಯಿಂದ ಅಮ್ಮನ ಕನ್ನಡ ವಾರಪತ್ರಿಕೆಗಳು ರಾಶಿ ಬಿದ್ದಿದ್ದವು. ಓದಿ ಹೇಳುತ್ತೇನೆ ಎಂದು ನಾನು ಹೇಳುತ್ತಲೇ ಇದ್ದೆ. ಆಫೀಸು, ಮೆಟ್ರೋ, ಮಗಳ ಟ್ಯೂಷನ್ನಿನ ನಡುವೆ ಒಂದು ಸಾಲೂ ಓದಿರಲಿಲ್ಲ. ಮಾವ ಅಡಿಯಿಂದ ಒಂದನ್ನು ಎಳೆದು, ಅಮ್ಮ ಅರ್ಧಕ್ಕೆ ಬಿಟ್ಟಿದ್ದ ಧಾರಾವಾಹಿಯ ಪುಟ ಬಿಡಿಸಿ, ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದರು.

ಒಂದು ಪುಟಕ್ಕೆ ಮುಕ್ಕಾಲು ಗಂಟೆ. ಒಂದು ಪದದ ಹತ್ತಿರ ನಿಂತೇಬಿಟ್ಟರು. ನಾನು ಹೇಳಿಕೊಡಲು ಬಾಯಿ ತೆರೆದೆ, ಅಮ್ಮ ತಡಕಿ ನನ್ನ ಕೈ ಹಿಡಿದು ಅದುಮಿದಳು. ಮಾವ ತಾವೇ ಆ ಪದವನ್ನು ದಾಟಿದರು.

ಪುಟ ಮುಗಿದಾಗ ಮಾವ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಹಳೆಯ ಅಭ್ಯಾಸದಂತೆ ಕೇಳಿದರು.

"ಮತ್ತೆಂತ ತರ್ಲಿ?"

"ಇನ್ನೊಂದು ಪುಟ ಕೊಡು ಅಣ್ಣಯ್ಯ" ಎಂದಳು ಅಮ್ಮ. "ನಿಧಾನಕ್ಕೇ ತಾ. ನಂಗೆ ಅವಸರ ಇಲ್ಲ."