ಎಂಟು ಪ್ರೊಸೆಸರು, ಎಂಟು ಕುರ್ಚಿ

ಏನೇ ಕೆಟ್ಟರೂ ಅದಕ್ಕೆ ಇನ್ನಷ್ಟು ಏನಾದರೂ ಸುರಿಯುವುದು ನಮ್ಮ ಮನೆಯ ಮದ್ದು. ಸಾಂಬಾರು ಸಪ್ಪೆಯಾದರೆ ಉಪ್ಪು, ಉಪ್ಪು ಹೆಚ್ಚಾದರೆ ನೀರು, ನೀರಾದರೆ ಮತ್ತೆ ಬೇಳೆ. ಮುಂಬೈ ಪಕ್ಕದ ಐರೋಲಿಯ ಕಚೇರಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವ ನಾನು ಅಲ್ಲಿಗೂ ಇದೇ ವಿದ್ಯೆಯನ್ನು ಹೊತ್ತುಕೊಂಡು ಹೋದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಡೇಟಾಬೇಸ್ ಇರುವುದು ವರ್ಚುವಲ್ ಮಷೀನಿನಲ್ಲಿ. ಅಂದರೆ ಮಷೀನು ಇದೆ, ಆದರೆ ಇಲ್ಲ. ಒಂದೇ ದೊಡ್ಡ ಕಂಪ್ಯೂಟರಿನೊಳಗೆ ಹತ್ತಾರು ಬಾಡಿಗೆದಾರರು, ಪ್ರತಿಯೊಬ್ಬರಿಗೂ ಇಡೀ ಮನೆ ತಮ್ಮದೇ ಎಂಬ ಭ್ರಮೆ. ನನಗೆ ಇದು ಇವತ್ತಿಗೂ ಪೂರ್ತಿ ತಲೆಗೆ ಹೋಗಿಲ್ಲ. ಅಂಥದ್ದು ಒಂದು ದಿನ ತೆವಳತೊಡಗಿತು. ಸೋಮವಾರದೊಳಗೆ ಸರಿಯಾಗದಿದ್ದರೆ ಈ ಕೆಲಸವನ್ನೇ ಹೊರಗಿನವರಿಗೆ ಕೊಟ್ಟುಬಿಡುವುದಾಗಿ ಮ್ಯಾನೇಜರ್ ಸಾಹೇಬರು ಹೇಳಿದರು. ಮಷೀನುಗಳನ್ನು ಹಂಚುವ ಕಲಬುರಗಿಯ ಬಸವರಾಜನ ಬಳಿ ಓಡಿದೆ. ಪ್ರೊಸೆಸರು ಅಂದರೆ ಮಷೀನಿನ ಕೆಲಸದ ಕೈ; ನಾಲ್ಕಿದ್ದದ್ದನ್ನು ಆರು ಮಾಡಿಸಿದೆ. ಇನ್ನೂ ನಿಧಾನವಾಯಿತು. ಎಂಟು ಮಾಡಿಸಿದೆ. ಮತ್ತೂ ನಿಧಾನವಾಯಿತು. ಇನ್ನೂ ಬೇಕೇ ಎಂದು ಬಸವರಾಜ ಕೇಳಿದ. ಅವನ ದನಿಯಲ್ಲಿದ್ದದ್ದು ಮರುಕವೋ ಕುಚೋದ್ಯವೋ ನನಗೆ ತಿಳಿಯಲಿಲ್ಲ.

ಭಾನುವಾರ ಡೊಂಬಿವಲಿಯಲ್ಲಿರುವ ಬಾವನ ಹೋಟೆಲಿಗೆ ಹೋದೆವು. ಬಾವ ಅಂದರೆ ನನ್ನ ಅಕ್ಕನ ಗಂಡ. ನಾವು ಎಂಟು ಜನ, ಎಂಟೂ ಜನ ಒಟ್ಟಿಗೇ ಕೂರಬೇಕೆಂಬುದು ಅಮ್ಮನ ಶಾಸನ. ಮುಕ್ಕಾಲು ಗಂಟೆ ಬಾಗಿಲಲ್ಲಿ ನಿಂತೆವು. ನಮ್ಮ ನಂತರ ಬಂದ ಜೋಡಿಗಳು ದೋಸೆ ತಿಂದು, ಕಾಫಿ ಕುಡಿದು, ನಮ್ಮನ್ನು ಸವರಿಕೊಂಡೇ ಹೊರಟುಹೋದರು. ನಾನು ಸಲಿಗೆಯಿಂದ ರೇಗಿದೆ. ಬಾವ ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತದೆ ಹೇಳಿದರು: "ಎಂಟು ಕುರ್ಚಿ ಒಟ್ಟಿಗೆ ಖಾಲಿ ಆಗ್ಬೇಕಲ್ಲ ಮಾರಾಯಾ. ಇಬ್ಬಿಬ್ರು ಕೂತಿದ್ರೆ ಇಷ್ಟೊತ್ತಿಗೆ ತಿಂದು ಆಗ್ತಿತ್ತು."

ನಾನು ನಿಂತಲ್ಲಿಂದಲೇ ಬಸವರಾಜನಿಗೆ ಫೋನು ಮಾಡಿದೆ. ಬಾಡಿಗೆದಾರರೆಲ್ಲ ಹಂಚಿಕೊಳ್ಳುವ ಪ್ರೊಸೆಸರುಗಳಲ್ಲಿ ಎಂಟು ಒಟ್ಟಿಗೆ ಬಿಡುವಾಗಲೆಂದು ನನ್ನ ಮಷೀನೂ ಹೀಗೇ ಕಾಯುತ್ತಿದೆಯೇ ಎಂದು ಕೇಳಿದೆ. "ಹೌದ್ರಿ ಸರ. ಹೇಳ್ಬೇಕಂತಿದ್ದೆ. ನೀವು ಕೊಡು ಅಂದ್ರಿ, ಕೊಟ್ಟೆ" ಎಂದ.

ಎರಡಕ್ಕೆ ಇಳಿಸಿದ. ಸೋಮವಾರ ಡೇಟಾಬೇಸ್ ಓಡಿತು, ಕೆಲಸ ಉಳಿಯಿತು. ಹಿಗ್ಗಿನಲ್ಲಿ ಸಾಹೇಬರಿಗೆ ಉದ್ದನೆಯ ಮೇಲ್ ಬರೆದೆ: ಕೈಗಳು ಹೆಚ್ಚಾದರೆ ಒಂದನ್ನೊಂದು ಕಾಯುವುದರಲ್ಲೇ ಹೊತ್ತು ಹೋಗುತ್ತದೆ, ಕಡಿಮೆ ಮಾಡಿದರೆ ಕೆಲಸ ಚುರುಕಾಗುತ್ತದೆ ಎಂದು. ಅವರಿಗೆ ಅದು ಬಹಳ ಹಿಡಿಸಿತು. ಮರುವಾರ ನಮ್ಮ ವಿಭಾಗದ ನಾಲ್ವರಲ್ಲಿ ಮೂವರನ್ನು ಥಾಣೆ ನಗರದ ಶಾಖೆಗೆ ಕಳಿಸಿದರು. ಆದೇಶದ ಕೆಳಗೆ ಕಾರಣವೆಂದು ನನ್ನದೇ ವಾಕ್ಯವಿತ್ತು, ನನ್ನ ಹೆಸರಿನ ಸಮೇತ.

ಈಗ ಡೇಟಾಬೇಸ್ ಚುರುಕಾಗಿದೆ, ನಾನು ತೆವಳುತ್ತಿದ್ದೇನೆ. ಇನ್ನೊಬ್ಬರನ್ನು ಕೊಡಿ ಎಂದು ಕೇಳಲು ನನಗೆ ಬಾಯಿಲ್ಲ.